ಎರಡು ಡಬ್ಬದ ಆಟ

ಭೀಮಾಶಂಕರ ಮೇಷ್ಟ್ರು ನೆಟ್ಟಗೆ ನಿಂತದ್ದನ್ನು ನಾನು ಕಂಡಿದ್ದು ರಾಷ್ಟ್ರಗೀತೆ ಹಾಡುವಾಗ ಮಾತ್ರ. ಉಳಿದ ಹೊತ್ತೆಲ್ಲ ಯಾರಿಗಾದರೂ ಬಾಗಿಯೇ ಇರುತ್ತಿದ್ದರು. ಹೆಡ್‌ಮಾಸ್ಟರು ಕೆಮ್ಮಿದರೆ ಸಾಕು, ನೀರಿನ ಲೋಟ ಹಿಡಿದು ಓಡುವ ಗಂಡಸು. ಕಮ್ಮನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವರು ಆರನೇ ತರಗತಿಗೆ ಕನ್ನಡ ಹೇಳುತ್ತಿದ್ದರು, ಪಕ್ಕದ ಕೋಣೆಯಲ್ಲಿ ನಾನು ಗಣಿತ. ನಡುವೆ ಒಂದು ಹಲಗೆಯ ತಡಿಕೆ ಅಷ್ಟೆ, ಅದರಲ್ಲೂ ಬಿರುಕು.

ಮೇಷ್ಟ್ರ ಊರು ಗುಲ್ಬರ್ಗದ ಕಡೆ. ಇಲ್ಲಿ ಮುನಿಶಾಮಿಯವರ ವಠಾರದಲ್ಲಿ ಬಾಡಿಗೆಗಿದ್ದರು. ಮುನಿಶಾಮಿ ತಮ್ಮ ರಾಗಿ ಹೊಲದಲ್ಲಿ ಸಾಲು ಮನೆ ಕಟ್ಟಿಸಿ, ಹಿಂದೆ ಶೀಟಿನ ಕೋಣೆಗಳನ್ನೂ ಎಬ್ಬಿಸಿದ್ದರು. ಮುಂದಿನ ಮನೆಯಲ್ಲಿ ಮೇಷ್ಟ್ರು, ಮಹಡಿಯಲ್ಲಿ ನಾನು, ಶೀಟಿನ ಕೋಣೆಯಲ್ಲಿ ಗಾರೆ ಕೆಲಸದ ಅಯ್ಯಮ್ಮ. ಅವಳೂ ಗುಲ್ಬರ್ಗದವಳೇ. ಆದರೆ ಮೇಷ್ಟ್ರು ಅವಳನ್ನು ಕಂಡರೆ ಪೇಪರ್ ಅಡ್ಡ ಹಿಡಿಯುತ್ತಿದ್ದರು.

ತೊಂಬತ್ತಾರರಲ್ಲಿ ಹಲಸೂರಿನ ತರಬೇತಿಯಿಂದ ಅವರು ಒಂದು ಆಟ ಕಲಿತು ಬಂದರು, ಸಂಯೋಜಿತ ವಾಕ್ಯ ಕಲಿಸುವ ಆಟ. ಬಿಸ್ಕತ್ತಿನ ಡಬ್ಬದ ತುಂಬ ಚೀಟಿ, ಒಂದೊಂದರಲ್ಲೂ ಅರ್ಧ ವಾಕ್ಯ. ಒಬ್ಬರು 'ಮಳೆ ಬಂತು' ಎಂದು ಓದಿದರೆ, 'ಆದರೆ ಕೆರೆ ತುಂಬಲಿಲ್ಲ' ಎಂಬ ಚೀಟಿಯವರು ಎದ್ದು ಬರಬೇಕು. ಜೋಡಿಯಾದವರಿಗೆ ವಾರವಿಡೀ ಒಂದೇ ಬೆಂಚು. ಆಟ ಚೆನ್ನಾಗಿಯೇ ಇತ್ತು. ಅವರು ಹುಟ್ಟಿಸಿದ್ದಲ್ಲವಲ್ಲ.

ಮೊದಲ ವಾರ ಅಯ್ಯಮ್ಮನ ಮಗಳು ಉಮಾಶ್ರೀಗೆ ಜೋಡಿಯಾಗಿ ಬಂದವಳು ಮುನಿಶಾಮಿಯವರ ಮೊಮ್ಮಗಳು ಭವ್ಯ. ಕಾನ್ವೆಂಟಿನಲ್ಲಿ ಎರಡು ಸಲ ಫೇಲಾಗಿ ನಮ್ಮಲ್ಲಿಗೆ ಬಂದಿದ್ದ ಆ ಹುಡುಗಿ ಶನಿವಾರದ ಹೊತ್ತಿಗೆ ಅರ್ಧ ಪುಟ ಬರೆದಳು. ಯಾರೊಡನೆಯೂ ಮಾತಾಡದ ಉಮಾಶ್ರೀ ನಕ್ಕದ್ದು ತಡಿಕೆಯ ಈಚೆಗೂ ಕೇಳಿತು. ನನಗೆ ಸಂತೋಷವಾಯಿತು.

ಸೋಮವಾರ ಭವ್ಯಳ ಅಜ್ಜಿ ಅಕ್ಕಯಮ್ಮ ತರಗತಿಯ ಬಾಗಿಲಿಗೇ ಬಂದರು.

"ಏನ್ ಮೇಷ್ಟ್ರೇ, ಶೀಟ್ ಮನೆಯೋಳ ಮಗಳ ಪಕ್ಕ ನಮ್ ಹುಡುಗೀನ ಕೂರ್ಸಿದ್ದೀರಂತೆ? ಇವ್ರಿಬ್ರೂ ಗೆಳತೀರಾದ್ರೆ, ನಾಳೆ ಮನೆ ಖಾಲಿ ಮಾಡು ಅಂತ ಅವ್ರಮ್ಮಂಗೆ ಹೇಳೋಕೆ ನಂಗೆ ಬಾಯಿ ಬರುತ್ತಾ?"

"ಹಂಗಲ್ರಿ ಅಮ್ಮಾರ, ಚೀಟಿಯೊಳಗ ಬಂದದ್ರಿ."

"ಚೀಟಿ ಬರೆಯೋರು ನೀವೇ ಅಲ್ವಾ?"

ಮಾರನೆಯ ದಿನ ಮೇಜಿನ ಮೇಲೆ ಎರಡು ಡಬ್ಬ. ಒಂದು ಮುಂದಿನ ಸಾಲಿಗೆ, ಒಂದು ಹಿಂದಿನ ಸಾಲಿಗೆ; ಜೋಡಿ ಆಯಾ ಡಬ್ಬದೊಳಗೇ. ಮುಂದೆ ಸ್ವಂತ ಮನೆಯ ಮಕ್ಕಳು, ಹಿಂದೆ ಬಾಡಿಗೆಯವರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಥೂ!

ಭವ್ಯ ತನ್ನ ಚೀಟಿ ಓದಿದಳು. "ನಾನು ಗೆಳತಿಯನ್ನು ಕರೆದೆ."

ಹಿಂದಿನ ಸಾಲಿನಲ್ಲಿ ಉಮಾಶ್ರೀ ಕೈಯ ಚೀಟಿಯನ್ನು ಮುದುರಿ ಎದ್ದು ನಿಂತಳು. "ಆದ್ದರಿಂದ ಅವಳು ಓಡಿ ಬಂದಳು." ಅದು ಯಾವ ಚೀಟಿಯಲ್ಲೂ ಇರಲಿಲ್ಲ, ಅವಳೇ ಕಟ್ಟಿದ್ದು. ಹೇಳಿದವಳೇ ಚೀಲ ಎತ್ತಿಕೊಂಡು ಭವ್ಯಳ ಬೆಂಚಿಗೆ ಹೊರಟಳು.

"ತಪ್ಪು," ಎಂದರು ಮೇಷ್ಟ್ರು.

"ಸರಿ ಅದ ಅಲ್ರೀ ಸರ?"

"ತಪ್ಪಂದ್ನಲ್ಲ! ನಿನ್ನ ಡಬ್ಬದಾಗಿನ ಚೀಟಿ ಓದವಾ."

ಹುಡುಗಿ ಚೀಲದೊಂದಿಗೆ ಹಿಂದಕ್ಕೆ ಹೋಗಿ, ಮುದುರಿದ ಚೀಟಿ ಬಿಡಿಸಿ, ಅದರಲ್ಲಿದ್ದದ್ದನ್ನು ಓದಿದಳು. ಆಮೇಲೆ ಆ ವರ್ಷವೆಲ್ಲ ಚೀಟಿಯಲ್ಲಿದ್ದದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದ್ದನ್ನು ನಾನು ಕೇಳಲಿಲ್ಲ. ಸರಿಯಾದ ವಾಕ್ಯವನ್ನು ತಪ್ಪೆಂದ ಮೇಷ್ಟ್ರನ್ನು ಅಂದಿನಿಂದ ನಾನು ಮನುಷ್ಯರ ಲೆಕ್ಕಕ್ಕೆ ಹಿಡಿದಿಲ್ಲ.

ಏಳು ವರ್ಷದ ಮೇಲೆ ಅದೇ ಹಲಸೂರಿನಲ್ಲಿ ಭೀಮಾಶಂಕರ ನಮಗೇ ತರಬೇತಿ ಕೊಡಲು ನಿಂತರು. "ಎರಡು ಡಬ್ಬ ಇಡಬೇಕ್ರಿ," ಎಂದರು. ನಲವತ್ತು ಜನ ಬರೆದುಕೊಂಡರು.

ಶಿವಾಜಿನಗರದ ತಾಹೇರಾ ಟೀಚರ್ ಒಬ್ಬರೇ ಕೇಳಿದರು: "ಎರಡು ಯಾಕೆ ಸಾರ್? ಒಂದಿದ್ರೆ ಮಕ್ಳೆಲ್ಲಾ ಬೆರೀತಾರಲ್ವಾ?"

"ಗದ್ದಲ ಕಡಿಮಿ ಆಗ್ತದ್ರಿ."

ತಾಹೇರಾ ನನ್ನ ಕಡೆ ತಿರುಗಿದರು. "ಯಮುನಾ ಟೀಚರ್, ನೀವು ಪಕ್ಕದ ಕ್ಲಾಸಲ್ಲೇ ಇದ್ರಂತಲ್ಲ. ಗದ್ದಲ ಕಡಿಮೆ ಆಗಿದ್ದು ಹೌದಾ?"

ಮೇಷ್ಟ್ರು ನನ್ನನ್ನೇ ನೋಡಿದರು. ಅಂದು ಬೆಳಿಗ್ಗೆಯೂ ಮನೆ ಒಡತಿ ಅಕ್ಕಯಮ್ಮನಿಗೆ ನಮಸ್ಕಾರ ಹೇಳಿಯೇ ನಾನು ಅದೇ ಬಾಡಿಗೆಯ ಮಹಡಿ ಇಳಿದು ಬಂದಿದ್ದೆ.

"ಹೌದು," ಎಂದೆ. "ಗದ್ದಲವೇ ಇರಲಿಲ್ಲ."