ಏಳು ಅಂದದ್ದು ಯಾಕೆ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಮಾತು ‘ಏಳು’. ಸ್ಟವ್ ಹೊತ್ತುವ ಮೊದಲು, ನಲ್ಲಿಯ ನೀರು ಬರುವ ಮೊದಲು, ದೇವರ ಹೆಸರಿಗಿಂತಲೂ ಮೊದಲು ಅದೇ ಬಾಯಿಗೆ ಬರುತ್ತದೆ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಕೊಂಢವಾದಲ್ಲಿ ಇಟ್ಟಿಗೆ ಹೊತ್ತ ಕಾಲದಲ್ಲಿ ಗಂಡನಿಗೆ ಏಳು ಅಂದೆ, ಮಗನಿಗೆ ಅಂದೆ, ಸೊಸೆಗೆ ಅಂದೆ. ನಾವು ಎದ್ದದ್ದರಿಂದಲೇ ಅಲ್ಲಿನ ಮಹಡಿಗಳೂ ಎದ್ದವು. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ಶಬ್ದಗಳ ಬಗ್ಗೆ ಮಾತಾಡಿದರೆ ನಗಬೇಡಿ. ಈ ಒಂದು ಶಬ್ದ ನಮ್ಮ ಮನೆಯನ್ನು ಏನು ಮಾಡಿತು ಅನ್ನುವುದನ್ನು ನಾನಲ್ಲದೆ ಇನ್ನಾರು ಹೇಳಬೇಕು?

ನನ್ನ ಮೊಮ್ಮಗಳು ಅಂಬಿಕಾ ರಗ್ಬಿ ಆಡುತ್ತಿದ್ದಳು. ತತ್ತಿಯಂಥ ಚೆಂಡನ್ನು ಎದೆಗವಚಿಕೊಂಡು ಓಡುವ, ಓಡುವವರನ್ನು ಹಿಡಿದು ಕೆಡವುವ, ಮುಂದೆ ಹೋಗಬೇಕಾದರೂ ಚೆಂಡನ್ನು ಹಿಂದಕ್ಕೇ ಕೊಡಬೇಕಾದ ಆಟ. ಹೆಣ್ಣುಮಕ್ಕಳಿಂದ ಇದನ್ನು ಆಡಿಸುವವನಿಗೆ ತಲೆ ಕೆಟ್ಟಿರಬೇಕು ಅಂದುಕೊಂಡಿದ್ದೆ. ಆಡಿಸುತ್ತಿದ್ದವರು ದೇಶದ ಹೆಣ್ಣುಮಕ್ಕಳ ತಂಡದ ಕೋಚ್, ಮರಾಠಿ ಮನುಷ್ಯ, ನಮ್ಮ ಬಾಯಲ್ಲಿ ಬರೀ ‘ಸರ್’. ಅವರೀಗ ಕೆಲಸ ಬಿಟ್ಟು ಹೊರಟಿದ್ದಾರೆ. ಪತ್ರಿಕೆಯವರು ಅವರ ಕಾಲವನ್ನು ತಕ್ಕಡಿಗೆ ಹಾಕಿದ್ದಾರೆ: ಒಂದು ತಟ್ಟೆಯಲ್ಲಿ ರಾಶಿ ಸೋಲು, ಇನ್ನೊಂದರಲ್ಲಿ ‘ಏನೂ ಇಲ್ಲದಲ್ಲಿ ತಂಡ ಕಟ್ಟಿದರು’ ಎಂಬ ಹೊಗಳಿಕೆ. ನಾನೂ ತೂಗುತ್ತೇನೆ, ನನ್ನ ಬಳಿ ಇರುವ ಕಲ್ಲುಗಳಿಂದ.

ಸೋತದ್ದಕ್ಕೆ ನನ್ನ ತಕರಾರಿಲ್ಲ. ಅವರು ಹುಡುಗಿಯರಿಗೆ ಮೊಟ್ಟಮೊದಲು ಕಲಿಸಿದ್ದು ಬೀಳುವುದನ್ನು. ಗದ್ದವನ್ನು ಎದೆಗೊತ್ತಿ, ಕೈ ಊರದೆ, ಭುಜದ ಮೇಲೆ ಉರುಳುವುದನ್ನು. ನನ್ನ ಮಗ, ಈ ಅಂಬಿಕಾಳ ಅಪ್ಪ, ಕಟ್ಟಡದ ಮೇಲಿಂದ ಬಿದ್ದವನು ಏಳಲೇ ಇಲ್ಲ. ಅಷ್ಟು ಎತ್ತರದಿಂದ ಬಿದ್ದವನನ್ನು ಯಾವ ಕಲಿಕೆಯೂ ಉಳಿಸುತ್ತಿರಲಿಲ್ಲ, ಗೊತ್ತು. ಆದರೂ ಮನುಷ್ಯ ಬೀಳುತ್ತಾನೆ ಅನ್ನುವುದನ್ನು ಮೊದಲೇ ಒಪ್ಪಿಕೊಂಡು ಪಾಠ ಶುರುಮಾಡಿದ ಒಬ್ಬರನ್ನು ನಾನು ಕಂಡದ್ದು ಆಗಲೇ ಮೊದಲು.

ಅವರದೊಂದು ಪದ್ಧತಿಯಿತ್ತು. ಎದುರಾಳಿಗಳಿಗೆ ತಿಳಿಯದಿರಲಿ ಎಂದು ಪ್ರತಿ ಹುಡುಗಿಯ ಅಂಗಿಯ ನಂಬರನ್ನು ಅವಳ ಮನೆಮಾತಿನಲ್ಲೇ ಕೂಗುತ್ತಿದ್ದರು. ಅಂಬಿಕಾಳ ಅಂಗಿಯ ಮೇಲಿದ್ದದ್ದು ಏಳು. ಮರಾಠಿಯ ಸಾತ್‌ಗೆ ನಮ್ಮಲ್ಲಿ ‘ಏಳು’ ಅನ್ನುತ್ತಾರೆಂದು ಅವಳೇ ಹೇಳಿಕೊಟ್ಟಳು. ಆ ಮಾತಿಗೆ ಎದ್ದು ನಿಲ್ಲು ಎಂಬ ಅರ್ಥವೂ ಉಂಟೆಂದು ಅವಳಿಗೆ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ.

ಆ ದಿನ ಪಂದ್ಯ ಪುಣೆಯಲ್ಲೇ ಇತ್ತು. ನಾನು ಗೆರೆಯ ಪಕ್ಕ, ಸರ್ ನಿಂತಲ್ಲಿಗೆ ಹತ್ತಿರವೇ ಕೂತಿದ್ದೆ. ಯಾರದೋ ಮೊಣಕಾಲು ಅಂಬಿಕಾಳ ತಲೆಗೆ ಬಡಿದು ಅವಳು ಹುಲ್ಲಿನ ಮೇಲೆ ಬಿದ್ದಳು; ಆಟ ಮಾತ್ರ ನಿಲ್ಲಲಿಲ್ಲ. ಸರ್ ಎರಡೂ ಕೈಯಿಂದ ಹೊರಗೆ ಕರೆಯುತ್ತ “ಏಳು! ಏಳು!” ಎಂದು ಕೂಗಿದರು. ಕಣ್ಣು ಮುಚ್ಚಿದವಳಿಗೆ ಕೈ ಎಲ್ಲಿ ಕಾಣಬೇಕು? ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಕೇಳಿದ್ದ ಮಾತು ಕೇಳಿಸಿತು. ಎದ್ದಳು. ಓಡಿದಳು. ಎರಡನೇ ಪೆಟ್ಟು ಅದೇ ತಲೆಗೆ ಬಿತ್ತು.

ಈಗ ಬೆಳಕು ಅವಳ ಕಣ್ಣಿಗೆ ಚುಚ್ಚುತ್ತದೆ. ಕಿಟಕಿಗೆ ನನ್ನ ಹಳೆಯ ಸೀರೆ ಕಟ್ಟಿದ್ದೇನೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾಳೆ. ಇನ್ನೊಂದು ಪೆಟ್ಟು ಬಿದ್ದರೆ ಹುಡುಗಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವಳ ಬಳಿ ಉಳಿದಿದ್ದದ್ದು ಒಂದೇ ಹೆಮ್ಮೆ: ಸರ್ ಏಳು ಅಂದರು, ನಾನು ಎದ್ದೆ. ಅದನ್ನು ನಾನು ಮುಟ್ಟಿರಲಿಲ್ಲ.

ಮೊನ್ನೆ ಸರ್ ಹೋಗಿಬರುತ್ತೇನೆಂದು ಹೇಳಲು ಬಂದರು. ಅಂಬಿಕಾ ಅವರಿಗೆ ಕುರ್ಚಿ ಕೊಟ್ಟು, ನನ್ನ ಕಡೆ ತಿರುಗಿ, “ಹೊಸಾ ಕೋಚ್ ಬರ್ಲಿ ಆಯಿ, ಮತ್ತ ಆಡಾಕ ಹೋಗ್ತೀನಿ. ಡಾಕ್ಟರ್‌ಗೇನ್ ಗೊತ್ತದ? ಸರ್ ಏಳ್ ಅಂದ್ರು, ಎದ್ನಿಲ್ಲೇನ್ ನಾ?” ಎಂದಳು. ಅದನ್ನೇ ಮರಾಠಿಯಲ್ಲಿ ಅವರಿಗೂ ಹೇಳಿದಳು. ಅವರು ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. “ಹೋ, ಉಠಲೀಸ್ ತೂ,” ಎಂದರು. ಹೌದು, ಎದ್ದೆ ನೀನು.

ಪೆಟ್ಟು ತಿಂದವಳನ್ನು ಎಬ್ಬಿಸಿ ಓಡಿಸಿದರೆಂಬ ಬೈಗುಳವನ್ನು ತಾವೇ ಹೊತ್ತು ಹುಡುಗಿಗೆ ಹೆಮ್ಮೆ ಬಿಟ್ಟುಹೋಗುವ ದೊಡ್ಡತನ ಇರಬಹುದು. ಆದರೆ ಆ ಹೆಮ್ಮೆ ಅವಳನ್ನು ಮತ್ತೆ ಮೈದಾನಕ್ಕೆ ಎಳೆಯುತ್ತಿತ್ತು.

“ಎದ್ದ್ ನಿಲ್ಲು ಅಂದಿದ್ದಲ್ಲವ್ವ ಅವ್ರು,” ಎಂದೆ. “ನಿನ್ನ ಅಂಗಿ ನಂಬರ್ ಕೂಗಿದ್ರು. ಹೊರಗ ಬಾ ಅಂತ ಕೈ ಮಾಡಿದ್ರು. ನಾ ನೋಡೀನಿ.”

“ಹಂಗಾದ್ರ ನಾ ಸುಮ್ನ ಎದ್ನೇನ್?”

“ಹೌದು. ಸುಮ್ನ ಎದ್ದಿ.”

ಅವಳು ಹಾಸಿಗೆಗೆ ಹೋಗಿ ಗೋಡೆಯ ಕಡೆ ಹೊರಳಿ ಮಲಗಿದಳು. ಬಾಗಿಲಲ್ಲಿ ಸರ್ ಮೆಲ್ಲಗೆ, ಆಟ ನಡೆಯುವಾಗ ಕೋಚ್ ಗೆರೆ ದಾಟುವಂತಿಲ್ಲ ಆಜಿ, ಅಂದರು. ಅದು ಸುಣ್ಣದ ಗೆರೆ, ಗೋಡೆಯಲ್ಲ ಎಂದು ನನ್ನ ಹರಕು ಮರಾಠಿಯಲ್ಲೇ ಹೇಳಿದೆ. ಚಪ್ಪಲಿ ಮೆಟ್ಟಿ ಹೋದರು.

ನನ್ನ ತೂಕ ಇಷ್ಟೇ. ಬೀಳುವುದನ್ನು ಚೆನ್ನಾಗಿ ಕಲಿಸಿದರು. ಬಿದ್ದವಳ ಹತ್ತಿರ ಓಡಲಿಲ್ಲ. ಗೆದ್ದ ಪಂದ್ಯ, ಸೋತ ಪಂದ್ಯ ಎಲ್ಲವನ್ನೂ ಒಂದು ತಟ್ಟೆಗೆ ಸುರಿದರೂ ನನ್ನ ಕಡೆಯ ತಟ್ಟೆ ಮೇಲೇಳುವುದಿಲ್ಲ.

ಇವತ್ತು ಬೆಳಿಗ್ಗೆ ಚಹಾ ಸೋಸಿ ಎಂದಿನಂತೆ ಅವಳ ಹಾಸಿಗೆಯ ಬಳಿ ಹೋದೆ. ಹಳೆಯ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಆವತ್ತು ಸರ್ ಕೈಸನ್ನೆಯಲ್ಲೇ ಉಳಿದುಹೋದ ಮಾತನ್ನು ಬಾಯಿಬಿಟ್ಟು ಹೇಳಿದೆ: “ಹೊರಗ ಬಾರವ್ವ. ಬಿಸಿಲಿನ್ನೂ ಬಿದ್ದಿಲ್ಲ.”

ಚಹಾ ಆರಿತು. ಮತ್ತೆ ಕಾಯಿಸಿಟ್ಟಿದ್ದೇನೆ.