ತೌಡಿಗೆ ಕೊಂಡ ಮಗಳ ಹೊಸ ಹೆಸರು

ನನ್ನ ಬೆಲೆ ಒಂದು ಮೊರ ತೌಡು. ನಗಬೇಡಿ, ಇದಕ್ಕೆ ಸಾಕ್ಷಿ ಹೇಳುವವರು ಹರಿಹರದ ನಮ್ಮ ಓಣಿಯಲ್ಲಿ ಈಗಲೂ ಇದ್ದಾರೆ. ನನಗಿಂತ ಮೊದಲು ಹುಟ್ಟಿದ ಇಬ್ಬರು ತೊಟ್ಟಿಲಲ್ಲೇ ತೀರಿಕೊಂಡಿದ್ದರಿಂದ, ಹಿರಿಯರು ನನ್ನನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯ ಖೈರೂನ್‌ಬಿಗೆ ತೌಡಿಗೆ ಮಾರಿ, ಅವರ ಕೂಸನ್ನು ಸಾಕುವವರಂತೆ ಮರಳಿ ಮನೆಗೆ ತಂದು, ತಿಪ್ಪಮ್ಮ ಎಂದು ಕರೆದರು. ಯಾರಿಗೂ ಬೇಡವಾದ ಕೂಸು, ಅದೂ ಬೇರೆಯವರದು ಎಂದುಕೊಂಡು ಸಾವು ಮುಂದಿನ ಬೀದಿಗೆ ಹೋಗಲಿ ಎಂಬುದು ಅವರ ಉಪಾಯ. ಸಾವಿಗೇ ಟೋಪಿ ಹಾಕಲು ಹೊರಟ ಆ ಧೈರ್ಯದ ಬಗ್ಗೆ ನನಗೆ ಇಂದಿಗೂ ಮೆಚ್ಚುಗೆಯಿದೆ.

ಆದರೆ ಆ ಉಪಾಯವನ್ನು ಹೊತ್ತು ತಿರುಗಿದವಳು ನಾನು ತಾನೆ! ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ಹೆಸರನ್ನು ದೇವರ ಹೆಸರೆಂದು ಭಕ್ತಿಯಿಂದ ಇಟ್ಟುಕೊಂಡವರು ನಮ್ಮ ಸೀಮೆಯಲ್ಲಿ ಬಹಳ ಮಂದಿ. ಅವರ ತಂಟೆಗೆ ನಾನು ಹೋಗುವುದಿಲ್ಲ. ನನಗೆ ಬೇಡವಾಗಿತ್ತು, ಅಷ್ಟೇ. ಉಳಿಯುವುದಕ್ಕೊಂದು ಹೆಸರು ಬೇಕಾಗಿತ್ತು, ಒಪ್ಪಿದೆ. ಉಳಿದ ಮೇಲೆ ಬದುಕುವುದಕ್ಕೂ ಒಂದು ಬೇಕಲ್ಲವೇ? ದಾವಣಗೆರೆಯಲ್ಲಿ ವಿಶ್ವವಿದ್ಯಾಲಯ ಸೇರುವ ಹೊತ್ತಿಗೆ, ಕಿವಿಗೆ ಹಿತವೆನಿಸಿದ ಒಂದೇ ಕಾರಣಕ್ಕೆ, ನಾನು ಇಂಚರ ಎಂದು ನಿಶ್ಚಯಿಸಿಕೊಂಡಿದ್ದೆ. ದಾಖಲೆಗಳು ತಮ್ಮ ನಿಧಾನದಲ್ಲಿ ಬದಲಾಗಲಿ, ನೀವು ಮಾತ್ರ ಈಗಿನಿಂದಲೇ ಹಾಗೆ ಕರೆಯಿರಿ ಎಂದು ಮೇಷ್ಟ್ರಿಗೂ ಗೆಳತಿಯರಿಗೂ ಮೊದಲ ದಿನವೇ ಹೇಳಿಬಿಟ್ಟೆ.

ಅವ್ವನಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಅವಳು ಸಿಟ್ಟಾಗಲಿಲ್ಲ, ಹೆದರಿದಳು. "ಬ್ಯಾಡ ನನ್ನವ್ವಾ, ಆ ಹೆಸರಿನಿಂದ್ಲೇ ನೀ ಉಳಿದಿದ್ದು. ಇಬ್ಬರನ್ನ ಮಣ್ಣಿಗಿಟ್ಟಾಕಿ ನಾನು," ಎಂದಳು. ಹಾಗೆಂದು ಹಿಂದೆ ಸರಿಯುವ ಮನಸ್ಸು ನನಗಿರಲಿಲ್ಲ. ಮಂಡಕ್ಕಿ ಜರಡಿ ಹಿಡಿಯುತ್ತ ಕಟ್ಟೆಯ ಮೇಲೆ ಕೂತಿದ್ದ ಖೈರೂನ್‌ಬಿಯೇ ನಡುವೆ ಬಾಯಿ ಹಾಕಿದರು. "ಕೊಂಡಾಕಿ ನಾನು. ಕೂಸಿಗೆ ಹೆಸರಿಡೋ ಹಕ್ಕು ನಂದೈತೆ. ಇಂಚರ ಅಂತ ನಾನೇ ಇಟ್ಟೀನಿ, ತಿಳಕೋ."

ಕೊಂಡವರ ಮಾತಿಗೆ ಅವ್ವ ಎದುರಾಡಲಿಲ್ಲ. ಆದರೆ ಹೊಸ ಹೆಸರನ್ನು ಕರೆಯಲೂ ಇಲ್ಲ. ಫೋನಿನಲ್ಲಿ "ಉಂಡ್ಯಾ? ಹೆಂಗಿದ್ದೀ?" ಎಂದಷ್ಟೇ ಕೇಳಿ, ಹಳೆಯದನ್ನೂ ಹೊಸದನ್ನೂ ಮುಟ್ಟದೆ ಮಾತು ಮುಗಿಸುತ್ತಿದ್ದಳು.

ಆ ಮಳೆಗಾಲದಲ್ಲಿ ನನಗೆ ಡೆಂಗಿ ಜ್ವರ ಬಂತು. ವಿದ್ಯಾನಗರದ ಹಾಸ್ಟೆಲಿನಿಂದ ಗೆಳತಿಯರು ಆಸ್ಪತ್ರೆಗೆ ಸೇರಿಸಿದರು. ಸುಳ್ಳು ಯಾಕೆ ಹೇಳಲಿ, ಅವ್ವ ಹೇಳಿದ್ದೇ ನಿಜವಾಗಿಬಿಟ್ಟರೆ ಎಂದು ನನಗೂ ಜೀವ ಝಲ್ಲೆಂದಿತು. ಅವ್ವ ಹರಿಹರದಿಂದ ಬಸ್ಸು ಹಿಡಿದು ಬಂದು ಮಂಚದ ಪಕ್ಕ ನಿಂತಾಗ, ಹಳೆಯ ಹೆಸರನ್ನೇ ಕರೆದುಬಿಡವ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡೆ. ಜೀವ ಉಳಿದರೆ ಇಂಚರಳಾಗಿಯೇ ಉಳಿಯುತ್ತೇನೆ ಎಂದುಕೊಂಡೆ.

ಅವ್ವ ನನ್ನ ಹಣೆಯ ಮೇಲೆ ಕೈಯಿಟ್ಟು, ವಾರ್ಡಿಗೆ ವಾರ್ಡೇ ತಿರುಗಿ ನೋಡುವಂತೆ ಕೂಗಿದಳು: "ಇಂಚರಾ! ಏಳವ್ವಾ, ಗಂಜಿ ಕುಡಿ."

"ಮೆಲ್ಲಗವ್ವಾ," ಎಂದೆ.

"ಯಾಕ ಮೆಲ್ಲಗೆ? ಯಾರಿಗೆ ಕೇಳಬೇಕೋ ಅವರಿಗೆ ಕೇಳ್ಲಿ. ನನ್ನ ಮಗಳು ಇಂಚರ!" ಎಂದು, ಸಾವೇ ಅಲ್ಲಿ ನಿಂತಿದೆಯೇನೋ ಎಂಬಂತೆ ಬಾಗಿಲ ಕಡೆ ನೋಡುತ್ತ, ಇನ್ನೊಮ್ಮೆ ಕೂಗಿದಳು.

ಹಣೆಯ ಮೇಲಿದ್ದ ಕೈಯನ್ನು ತೆಗೆದು ಗಂಜಿಯ ಲೋಟವನ್ನು ನನ್ನ ಮುಂದೆ ಹಿಡಿದಳು. ನಾನು ಎದ್ದು ಕೂತು ಗಂಜಿ ಕುಡಿದೆ.