ಕಂಡಕ್ಟರ್ ಮಾವನ ಹದಿನಾಲ್ಕು ಹೆಜ್ಜೆ

ಮೂವತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ಆಯತಪ್ಪದೆ ನಿಂತು ಟಿಕೆಟ್ ಹರಿದ ಕಂಡಕ್ಟರ್, ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ ಮನೆಯ ಅಡುಗೆಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಮಾಡಿ, ರಾಡು ಕೂರಿಸಿ, ಎಂಟನೇ ದಿನ ಮನೆಗೆ ಕಳಿಸಿದರು.

"ಮಲಗೇ ಇದ್ರೆ ಕಾಲೇ ಕೈಕೊಡುತ್ತೆ ತಾತ," ಎಂದಳು ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ. ಅವರು ನಗಲಿಲ್ಲ.

ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಮಗ ಕೆಲಸಕ್ಕೆ ಹೋದಮೇಲೆ ಮನೆಯಲ್ಲಿ ಸೊಸೆಯೊಬ್ಬಳೇ. ಅವಳೆದುರು ಬನಿಯನ್ನಿನಲ್ಲೂ ಕೂತವರಲ್ಲ. ಈಗ ಕಕ್ಕಸಿಗೂ ಅವಳ ಹೆಗಲೇ ಬೇಕಿತ್ತು. ಅವಳು ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದಳು. ಅವರಿಗೆ ನೆಲ ಬಾಯಿಬಿಡಬಾರದೇ ಅನಿಸುತ್ತಿತ್ತು.

ಮೂರನೇ ವಾರ ವ್ಯಾಯಾಮದ ನಡುವೆಯೇ ಕಣ್ಣು ಕತ್ತಲಿಟ್ಟು ಕುಸಿದು ಕೂತರು. ಫಿಸಿಯೋ ಒಣಗಿದ ತುಟಿ ನೋಡಿದಳು. "ನೀರು ಕುಡೀತಿಲ್ವಾ?"

"ದಿನಾ ಚೊಂಬು ಖಾಲಿಯಾಗುತ್ತಲ್ಲ," ಎಂದ ಸೊಸೆ, ಏನೋ ಹೊಳೆದು ಹಾಸಿಗೆ ಪಕ್ಕದ ಕಿಟಕಿಯಿಂದ ಇಣುಕಿದಳು. ಕೆಳಗೆ ಒಂದು ಮಾರಗಲ ಮಾತ್ರ ಹುಲ್ಲು ಹಸಿರಾಗಿ ಬೆಳೆದಿತ್ತು.

"ಯಾಕೆ ಮಾವ ನೀರನ್ನೆಲ್ಲ ಆಚೆ ಚೆಲ್ಲಿದ್ರಿ?"

"ಮತ್ತೆ ಮತ್ತೆ ನಿನ್ನ ಕರೆಯೋಕೆ ಬಾಯಿ ಬರಲ್ಲ ಕಣಮ್ಮ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದರು. ಅಲ್ಲಿಂದಲೇ ಫಿಸಿಯೋಗೆ ಹೇಳಿದರು: "ವರಾಂಡ ಗಿರಾಂಡ ಸುತ್ತೋದು ಆಮೇಲೆ. ಮೊದಲು ಕಕ್ಕಸಿಗೆ ಒಬ್ಬನೇ ಹೋಗೋದು ಕಲಿಸು ತಾಯಿ."

ಫಿಸಿಯೋ ಅಳೆದಳು: ಹಾಸಿಗೆಯಿಂದ ಹದಿನಾಲ್ಕು ಹೆಜ್ಜೆ, ಒಂದು ಹೊಸ್ತಿಲು. ಮಗ ಕಮೋಡಿನ ಪಕ್ಕ ಗೋಡೆಗೆ ಹಿಡಿ ಹಾಕಿಸಿದ. ಹೆಜ್ಜೆ ಇಡುವಾಗ ಮೊದಲು ವಾಕರ್, ಆಮೇಲೆ ಮುರಿದ ಕಾಲು, ಕೊನೆಗೆ ಗಟ್ಟಿ ಕಾಲು. ಕುರ್ಚಿಯಿಂದ ದಿನಕ್ಕೆ ಮೂವತ್ತು ಸಲ ಏಳಬೇಕು. ಹಲ್ಲುಕಚ್ಚಿ ಎದ್ದರು, ಕೆಲವು ದಿನ ಬೈದುಕೊಂಡೇ ಎದ್ದರು. ಆ ಹೊಸ್ತಿಲೊಂದೇ ಅವರನ್ನು ಒಂಬತ್ತು ದಿನ ಸತಾಯಿಸಿತು.

ಹತ್ತನೇ ವಾರ, ಒಂದು ಮಧ್ಯಾಹ್ನ, ಯಾರನ್ನೂ ಕರೆಯದೆ ಹೊರಟರು. ವಾಕರಿನ ಸದ್ದು ಕೇಳಿದ ಸೊಸೆ ಒಲೆ ಆರಿಸಿ ನಿಂತಳು. ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ತೆರೆಯಿತು.

"ಆಯ್ತಾ ಮಾವ?"

"ಆಯ್ತಮ್ಮ. ನೀನ್ಯಾಕೆ ಅಳ್ತೀಯ?"

ಆ ಕಾಲು ಅರ್ಧ ಬೆರಳಷ್ಟು ಗಿಡ್ಡವಾಗಿಯೇ ಉಳಿಯಿತು. ವಾಕರ್ ಕೈಬಿಡಲಿಲ್ಲ. ಬಸ್ಸಿನ ಮೆಟ್ಟಿಲು ಮತ್ತೆಂದೂ ಹತ್ತಲಿಲ್ಲ. ಆದರೆ ಮರುವಾರ ಅವರೇ ಸೊಸೆಗೆ ಹೇಳಿದರು, "ತವರಿಗೆ ಹೋಗಿ ಎರಡು ದಿನ ಇದ್ದು ಬಾ. ನನ್ನ ಪಾಡು ನಾನು ನೋಡ್ಕೋತೀನಿ." ಅವಳು ಹೋದಳು.